ಚನ್ನಂಗಿ ಸಾಲಿನಲ್ಲಿ ಎರಡು ಕಳೆಬಳ್ಳಿಗಳು: ಯಾವುದು ಯಾವುದು, ಯಾವುದಕ್ಕೆ ಹೆದರಬೇಕು?

ಪ್ರಶ್ನೆ: ನಾವು ಧಾರವಾಡ ಕಡೆಯವರು, ಈಗ ಪುಣೆಯ ಹಡಪಸರದಲ್ಲಿದ್ದೇವೆ. ಸಾಸವಡದ ಹತ್ತಿರ ಅರ್ಧ ಎಕರೆ ಜಮೀನು ಲಾವಣಿಗೆ ಹಿಡಿದು ಈ ಸಲ ಹಿಂಗಾರಿಗೆ ಗೋಧಿ ಹಾಕಿದ್ದೇವೆ, ಒಂದು ಮಡಿಯಲ್ಲಿ ಚನ್ನಂಗಿ (ಮಸೂರ್) ಇದೆ. ಬೀಜ ಉತ್ತರ ಭಾರತದ ಸ್ನೇಹಿತರು ಕೊಟ್ಟದ್ದು. ಎರಡರ ನಡುವೆಯೂ ಬಟಾಣಿಯಂಥ ಬಳ್ಳಿ ಹಬ್ಬಿದೆ. ಕೆಲವಕ್ಕೆ ಗುಲಾಬಿ-ನೇರಳೆ ಬಣ್ಣದ ದೊಡ್ಡ ಹೂವು, ಕೆಲವಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿಳಿ ಹೂವು. ಪಕ್ಕದ ಹೊಲದವರು ಎರಡಕ್ಕೂ ‘ರಾನ್ ವಾಟಾಣಾ’ (ಕಾಡು ಬಟಾಣಿ) ಎನ್ನುತ್ತಾರೆ, ಸಣ್ಣದು ಬೆಳೆದರೆ ದೊಡ್ಡದಾಗುತ್ತದೆ ಅಂತಲೂ ಹೇಳುತ್ತಾರೆ. ಇವೆರಡೂ ಒಂದೇ ಗಿಡವೇ? ಸಣ್ಣದು ಕಾಡು ಚನ್ನಂಗಿ ಇರಬಹುದೇ? ಆಕಳಿಗೆ ಹಾಕಬಹುದೇ? ಕಾಳು ಚನ್ನಂಗಿಯಲ್ಲಿ ಬೆರೆತರೆ ತೊಂದರೆ ಇದೆಯೇ?

ಉತ್ತರ: ಒಂದೇ ಗಿಡವಲ್ಲ. ಸಣ್ಣದು ಎಷ್ಟು ಬೆಳೆದರೂ ದೊಡ್ಡದಾಗುವುದಿಲ್ಲ. ನೀವು ಕಳಿಸಿದ ಚಿತ್ರಗಳಲ್ಲಿ ಹೂವೂ ಕಾಯಿಯೂ ಎರಡೂ ಇರುವುದರಿಂದ ಧೈರ್ಯವಾಗಿ ಹೇಳುತ್ತೇನೆ: ನೇರಳೆ ಹೂವಿನದು ವಿಸಿಯಾ ಸಟೈವಾ, ಸಣ್ಣ ಬಿಳಿ ಹೂವಿನದು ವಿಸಿಯಾ ಹಿರ್ಸುಟಾ. ಎರಡನ್ನೂ ಇಂಗ್ಲಿಷ್‌ನಲ್ಲಿ ವೆಚ್ ಎನ್ನುತ್ತಾರೆ. ಕುಲ ಒಂದೇ, ಪ್ರಭೇದ ಬೇರೆ. ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಹೊಲದಲ್ಲಿ ಎರಡೂ ಕಳೆಯೇ ಆದರೂ ಅಡುಗೆಮನೆಯವರೆಗೆ ಬರುವ ಕಳೆ ಒಂದೇ, ಅದು ನೇರಳೆ ಹೂವಿನದು. ಅದು ಹೇಗೆ ಬರುತ್ತದೆ ಎಂದು ತಿಳಿಯಬೇಕಾದರೆ ಮೊದಲು ಎರಡನ್ನೂ ಬಿಡಿಸಿ ಗುರುತು ಹಿಡಿಯುವುದನ್ನು ಕಲಿಯಬೇಕು.

ಎಲೆ ನೋಡಿ ಹೇಳಲು ಹೋಗಬೇಡಿ. ಎಲ್ಲರೂ ಎಡವುವುದು ಅಲ್ಲಿಯೇ. ಎರಡಕ್ಕೂ ನಡುದಂಟಿನ ಎರಡೂ ಬದಿಗೆ ಜೋಡಿ ಜೋಡಿ ಕಿರುಎಲೆಗಳು, ತುದಿಯಲ್ಲಿ ಕವಲೊಡೆದ ಹಂಬಿನ ಎಳೆ. ಸಟೈವಾದಲ್ಲಿ ಸಾಮಾನ್ಯವಾಗಿ 3ರಿಂದ 8 ಜೋಡಿ, ಹಿರ್ಸುಟಾದಲ್ಲಿ 4ರಿಂದ 10 ಜೋಡಿ. ಅಂದರೆ ಲೆಕ್ಕ ಹಾಕಿದರೂ ಒಂದರ ಮೇಲೊಂದು ಬೀಳುತ್ತದೆ. ನೀರು ಕಡಿಮೆಯಾದ ಬದುವಿನ ಮೇಲೆ ಬೆಳೆದ ಸಟೈವಾ ಸಣಕಲಾಗಿ, ಕಿರಿದಾದ ಎಲೆ ಬಿಟ್ಟು, ಥೇಟ್ ಹಿರ್ಸುಟಾ ಹಾಗೆಯೇ ನಿಂತಿರುತ್ತದೆ. ನಿಮ್ಮ ನೆರೆಯವರ ‘ಬೆಳೆದರೆ ದೊಡ್ಡದಾಗುತ್ತದೆ’ ಎಂಬ ಮಾತು ಹುಟ್ಟಿರುವುದು ಬಹುಶಃ ಹೀಗೆಯೇ.

ನೋಡಬೇಕಾದದ್ದು ಹೂವು ಎಲ್ಲಿಂದ ಹೊರಟಿದೆ ಎಂಬುದನ್ನು. ಸಟೈವಾದಲ್ಲಿ ಹೂವು ಎಲೆಯ ಕಂಕುಳಲ್ಲೇ ಕೂತಿರುತ್ತದೆ, ತೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಒಂದು ಕಂಕುಳಲ್ಲಿ ಒಂದು, ಹೆಚ್ಚೆಂದರೆ ಜೋಡಿ. ಹೂವು ಒಂದರಿಂದ ಎರಡೂವರೆ ಸೆಂಟಿಮೀಟರಿನಷ್ಟು ಉದ್ದ, ಗುಲಾಬಿ-ನೇರಳೆ ಬಣ್ಣ, ದೂರದಿಂದಲೇ ಕಾಣುತ್ತದೆ. ಹಿರ್ಸುಟಾದಲ್ಲಿ ಕಂಕುಳಿಂದ ದಾರದಷ್ಟು ತೆಳುವಾದ ಉದ್ದ ದಂಟು ಹೊರಟು ಅದರ ತುದಿಯಲ್ಲಿ ಹೂವಿನ ಸಣ್ಣ ಗೊಂಚಲು ಇರುತ್ತದೆ. ಒಂದೊಂದು ಹೂವೂ 2ರಿಂದ 5 ಮಿಲಿಮೀಟರ್ ಮಾತ್ರ. ಬಣ್ಣ ಮಾಸಿದ ಬಿಳಿ, ಕೆಲವೊಮ್ಮೆ ತಿಳಿ ನೀಲಿಯ ಛಾಯೆ. ಹೂವೇ ಬಿಟ್ಟಿಲ್ಲ ಎಂದುಕೊಂಡಿರುತ್ತೀರಿ, ಅಷ್ಟರಲ್ಲಿ ಕೆಳಗಿನ ದಂಟುಗಳಲ್ಲಿ ಕಾಯಿ ಕಟ್ಟಿರುತ್ತದೆ.

ಕಾಯಿ ಸಿಕ್ಕರಂತೂ ಅನುಮಾನಕ್ಕೆ ಜಾಗವೇ ಇಲ್ಲ. ಸಟೈವಾದ ಕಾಯಿ ಸುಮಾರು 3ರಿಂದ 7 ಸೆಂಟಿಮೀಟರ್ ಉದ್ದ, ಒಳಗೆ ಸಾಲಾಗಿ ಹಲವು ಕಾಳು. ಹಿರ್ಸುಟಾದ ಕಾಯಿ ಒಂದು ಸೆಂಟಿಮೀಟರಿನ ಆಸುಪಾಸು, ಮೈತುಂಬ ಮೃದುವಾದ ರೋಮ, ಒಳಗೆ ಸಾಮಾನ್ಯವಾಗಿ ಎರಡೇ ಕಾಳು. ಬೆಳಕಿಗೆ ಅಡ್ಡ ಹಿಡಿದರೆ ಎರಡು ಉಬ್ಬುಗಳು ಸ್ಪಷ್ಟವಾಗಿ ಕಾಣುತ್ತವೆ.

ಹೂವೂ ಇಲ್ಲ, ಕಾಯಿಯೂ ಇಲ್ಲ ಎನ್ನುವ ಹಂತದಲ್ಲಿ ಒಂದು ಗುರುತಿದೆ, ನನಗೆ ಬಹಳ ಪ್ರಿಯವಾದದ್ದು. ಎಲೆ ಕಾಂಡಕ್ಕೆ ಸೇರುವ ಜಾಗದಲ್ಲಿ ಎರಡೂ ಬದಿಗೆ ಪುಟ್ಟ ಎಲೆಯಂಥ ಒಂದೊಂದು ಭಾಗವಿರುತ್ತದೆ. ಸ್ಟಿಪ್ಯೂಲ್ ಎಂದು ಅದರ ಹೆಸರು. ಸಟೈವಾದ ಸ್ಟಿಪ್ಯೂಲನ್ನು ತಿರುಗಿಸಿ ಅಡಿಭಾಗ ನೋಡಿ. ಕಡುಕಂದು ಅಥವಾ ನೇರಳೆ ಬಣ್ಣದ ಒಂದು ಚುಕ್ಕೆ ಇರುತ್ತದೆ. ಅದು ರೋಗದ ಕಲೆಯಲ್ಲ, ಮಕರಂದದ ಗ್ರಂಥಿ. ಹೂವಿಗೂ ಅದಕ್ಕೂ ಸಂಬಂಧವಿಲ್ಲ. ಬಿಸಿಲಿಗೆ ಅದರಿಂದ ಸಿಹಿ ರಸ ಒಸರುತ್ತದೆ, ಇರುವೆಗಳು ಅದಕ್ಕಾಗಿ ಕಾಂಡದ ಮೇಲೆ ಸಾಲುಗಟ್ಟುತ್ತವೆ, ಎಲೆ ತಿನ್ನಲು ಬರುವ ಹುಳುಗಳಿಗೆ ಕಾಟ ಕೊಡುತ್ತವೆ. ಚಾರ್ಲ್ಸ್ ಡಾರ್ವಿನ್ ಇದೇ ಗಿಡವನ್ನು ಗಮನಿಸಿ 1876ರಲ್ಲಿ ಬರೆದಿದ್ದಾರೆ: ಸೂರ್ಯ ಮೋಡದ ಮರೆಗೆ ಹೋದೊಡನೆ ರಸ ನಿಲ್ಲುತ್ತಿತ್ತು, ಜೇನುನೊಣಗಳು ಹೊಲ ಬಿಟ್ಟು ಹೋಗುತ್ತಿದ್ದವು, ಬಿಸಿಲು ಬಂದರೆ ಮತ್ತೆ ಬರುತ್ತಿದ್ದವು. ಪುಣೆಯ ಜನವರಿ ಬಿಸಿಲಿನಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ನಿಮ್ಮ ಮಡಿಯ ಬಳ್ಳಿಯ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ, ಇರುವೆ ಹತ್ತಿರುವ ಬಳ್ಳಿ ಯಾವುದು ಎಂದು ಗಿಡವೇ ತೋರಿಸಿಕೊಡುತ್ತದೆ. ಹಿರ್ಸುಟಾದ ಸ್ಟಿಪ್ಯೂಲ್ ತೀರ ಕಿರಿದು, ಅದರಲ್ಲಿ ಈ ಚುಕ್ಕೆ ಇಲ್ಲ.

ಇನ್ನು ‘ಕಾಡು ಚನ್ನಂಗಿಯೇ?’ ಎಂಬ ಪ್ರಶ್ನೆ. ಅಲ್ಲ, ಆದರೆ ನಿಮ್ಮ ಊಹೆ ದಾರಿ ತಪ್ಪಿದ್ದೂ ಅಲ್ಲ. 1753ರಲ್ಲಿ ಲಿನೇಯಸ್ ಹೆಸರಿಟ್ಟಾಗ ಚನ್ನಂಗಿಯನ್ನೂ ಈ ಸಣ್ಣ ಬಳ್ಳಿಯನ್ನೂ ಎರ್ವಮ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. ನೇರಳೆ ಹೂವಿನದನ್ನು ಮಾತ್ರ ವಿಸಿಯಾ ಎಂದು ಬೇರೆ ಇಟ್ಟಿದ್ದರು. ಆಮೇಲೆ ಹಿರ್ಸುಟಾ ವಿಸಿಯಾಕ್ಕೆ ಬಂತು, ಚನ್ನಂಗಿ ಲೆನ್ಸ್ ಎಂಬ ಸ್ವಂತ ಕುಲಕ್ಕೆ ಹೋಯಿತು. ಈಚಿನ ಡಿಎನ್ಎ ಅಧ್ಯಯನಗಳು ಚನ್ನಂಗಿಯ ಬೇರೂ ವಿಸಿಯಾ ಬಳಗದ ಒಳಗೇ ಇದೆ ಎಂದು ತೋರಿಸಿದ್ದರಿಂದ ಕೆಲವು ಪಟ್ಟಿಗಳಲ್ಲಿ ಅದನ್ನೂ ವಿಸಿಯಾ ಎಂದೇ ಬರೆಯುತ್ತಾರೆ. ಹೊಲದಲ್ಲಿ ಬಿಡಿಸಿ ನೋಡಲು ಕಾಯಿ ಸಾಕು: ಚನ್ನಂಗಿಯ ಕಾಯಿ ನುಣುಪು, ಚಪ್ಪಟೆ, ಅಗಲ, ಹಿರ್ಸುಟಾದ್ದು ರೋಮವಿರುವ ಪುಟ್ಟ ಉಬ್ಬುಕಾಯಿ. ಚನ್ನಂಗಿ ಗಿಡ ಪೊದೆಯಾಗಿ ತಾನೇ ನಿಲ್ಲುತ್ತದೆ, ಹಿರ್ಸುಟಾ ಆಸರೆ ಸಿಗದಿದ್ದರೆ ನೆಲಕ್ಕೆ ಬೀಳುತ್ತದೆ.

ನಿಮ್ಮ ಪುರಂದರ ತಾಲ್ಲೂಕಿನಲ್ಲಿ ಕೇಸರಿ ಬೇಳೆಯ ಗಿಡವೂ ಇದರ ನಡುವೆ ಸೇರಿಕೊಂಡಿರಬಹುದೇ ಎಂದು ನೋಡಿಕೊಳ್ಳಿ. ಮರಾಠಿಯಲ್ಲಿ ಲಾಖ್ ಎನ್ನುವ ಅದು ಲ್ಯಾಥಿರಸ್ ಕುಲದ್ದು. ಅದರ ಕಾಂಡಕ್ಕೆ ಎರಡೂ ಬದಿಗೆ ರೆಕ್ಕೆಯಂಥ ಪಟ್ಟಿ ಇರುತ್ತದೆ, ಕಿರುಎಲೆಗಳು ಬಹಳ ಕಡಿಮೆ, ಉದ್ದುದ್ದ. ಭೂತಗನ್ನಡಿ ಇದ್ದರೆ ಹೂವನ್ನು ಬಿಡಿಸಿ ಒಳಗಿನ ಶಲಾಕೆಯ, ಅಂದರೆ ಎಳೆಗಾಯಿಯ ತುದಿಯಿಂದ ಚಾಚಿದ ಎಳೆಯ, ತುದಿ ನೋಡಿ. ಲ್ಯಾಥಿರಸ್‌ನಲ್ಲಿ ರೋಮಗಳು ಹಲ್ಲುಜ್ಜುವ ಬ್ರಷ್ಷಿನ ಹಾಗೆ ಒಳಬದಿಗೆ ಮಾತ್ರ ಇರುತ್ತವೆ, ವಿಸಿಯಾ ಸಟೈವಾದಲ್ಲಿ ಶಲಾಕೆಯ ತುದಿಯ ಕೆಳಗೆ ಹೊರಬದಿಯಲ್ಲಿ ಒಂದು ಕುಚ್ಚು ಇರುತ್ತದೆ.

ಈಗ ಕಾಳಿನ ವಿಷಯಕ್ಕೆ ಬರೋಣ.

ಹಿರ್ಸುಟಾದ ಕಾಳು ಸುಮಾರು 2 ಮಿಲಿಮೀಟರ್. ನಮ್ಮ ದೇಶದ ಸಣ್ಣ ತಳಿಯ ಚನ್ನಂಗಿಯೂ ಅದಕ್ಕಿಂತ ದೊಡ್ಡದು. ರಾಶಿ ಮಾಡಿದ ಮೇಲೆ ಸರಿಯಾದ ಜರಡಿಗೆ ಹಾಕಿದರೆ ಅದು ಕೆಳಗೆ ಉದುರಿಹೋಗುತ್ತದೆ. ಅಷ್ಟಕ್ಕೂ ಅದರ ಬಹುಪಾಲು ಕಾಳು ಕೊಯ್ಲಿಗೆ ಮೊದಲೇ ಹೊಲದಲ್ಲಿ ಚೆಲ್ಲಿಹೋಗಿರುತ್ತದೆ. ಆದ್ದರಿಂದ ಅದು ಮುಂದಿನ ವರ್ಷದ ಹೊಲದ ತಲೆನೋವು, ಊಟದ ತಟ್ಟೆಯದಲ್ಲ.

ಸಟೈವಾದ ಕಾಳು ಹೆಚ್ಚುಕಡಿಮೆ ಚನ್ನಂಗಿಯಷ್ಟೇ ಇರುತ್ತದೆ. ಸಾಮಾನ್ಯವಾಗಿ ಅದು ದುಂಡಗೆ, ಚನ್ನಂಗಿ ಚಪ್ಪಟೆ. ಮೊರದಲ್ಲಿ ಕೇರುವವರಿಗೆ ಗೊತ್ತು, ದುಂಡು ಕಾಳು ಉರುಳುತ್ತದೆ, ಚಪ್ಪಟೆ ಕಾಳು ಕೂತಲ್ಲೇ ಜಾರುತ್ತದೆ. ಸಾವಿರಾರು ವರ್ಷಗಳಿಂದ ಚನ್ನಂಗಿ ಬೆಳೆದ ಜನ ಹೀಗೆಯೇ ಕಳೆಯ ಕಾಳನ್ನು ಬೇರೆ ಮಾಡುತ್ತ ಬಂದರು. ಆದರೆ ಯಾವುದೋ ಒಂದು ಸಟೈವಾ ಗಿಡದಲ್ಲಿ ಕಾಳು ಚಪ್ಪಟೆಯಾಗಿ ಹುಟ್ಟಿದರೆ ಏನಾಗುತ್ತದೆ ಯೋಚಿಸಿ. ಅದು ಮೊರದಲ್ಲಿ ಉರುಳುವುದಿಲ್ಲ, ಜರಡಿಯಲ್ಲಿ ಉದುರುವುದಿಲ್ಲ, ಬಿತ್ತನೆಯ ಬೀಜದ ಜೊತೆ ಉಳಿಯುತ್ತದೆ. ಮುಂದಿನ ವರ್ಷ ರೈತನೇ ಅದನ್ನು ಕೈಯಾರೆ ಬಿತ್ತುತ್ತಾನೆ. ಪ್ರತಿ ಕೊಯ್ಲಿಗೂ ದುಂಡಿನದು ಹೊರಗೆ, ಚಪ್ಪಟೆಯದು ಒಳಗೆ. ಹೀಗೆ ನಡೆದು ನಡೆದು, ಚನ್ನಂಗಿಯಿಂದ ಬಿಡಿಸಲಾಗದ ಕಾಳಿನ ವೆಚ್ ಕೆಲವು ಪ್ರದೇಶಗಳಲ್ಲಿ ತಯಾರಾಯಿತು. ಬೆಳೆಯನ್ನು ಹೋಲುತ್ತ ಹೋಗುವ ಕಳೆಗಳ ಈ ಬಗೆಯನ್ನು ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಅವರ ಹೆಸರಿನಲ್ಲಿ ಗುರುತಿಸುತ್ತಾರೆ. 1959ರಲ್ಲಿ ರೌಲೆಂಡ್ಸ್ ಎಂಬ ಸಂಶೋಧಕರು ಈ ಚಪ್ಪಟೆತನ ಒಂದೇ ಒಂದು ಸುಪ್ತ ಜೀನಿನ ಬದಲಾವಣೆಯಿಂದ ಬರುತ್ತದೆ ಎಂದು ತೋರಿಸಿದರು. ಇಷ್ಟು ಸಣ್ಣ ಬದಲಾವಣೆ, ಅದರ ಬೆನ್ನಿಗೆ ಮನುಷ್ಯರ ಮೊರ! ಕಳೆಯನ್ನು ತೆಗೆಯುವ ನಮ್ಮ ಕೆಲಸವೇ ಕಳೆಯನ್ನು ತಿದ್ದಿ ರೂಪಿಸಿತು ಎನ್ನುವುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಕಾಳಿನಲ್ಲಿರುವ ತೊಂದರೆ ನಿಜವಾದದ್ದು. ಸಟೈವಾದ ಕಾಳಿನಲ್ಲಿ ಬೀಟಾ-ಸಯನೋಅಲನೀನ್ ಎಂಬ, ನರಗಳಿಗೆ ಹಾನಿ ಮಾಡುವ ವಸ್ತುವಿದೆ. ಅದರ ಜೊತೆಗೆ ವೈಸೀನ್, ಕಾನ್‌ವೈಸೀನ್ ಎಂಬ ಎರಡು ವಸ್ತುಗಳಿವೆ. ಈ ಎರಡನೆಯ ಜೋಡಿ ಇದೇ ಕುಲದ ಬಾಕಲಾ ಅವರೆಯಲ್ಲೂ, ಅಂದರೆ ವಿಸಿಯಾ ಫಾಬಾದಲ್ಲೂ, ಇರುತ್ತದೆ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಇವನ್ನು ತಿಂದರೆ ಕೆಂಪು ರಕ್ತಕಣಗಳು ಒಡೆಯಬಹುದು. ಮನೆಯಲ್ಲಿ ಯಾರಿಗಾದರೂ ಆ ಕೊರತೆ ಇದೆ ಎಂದು ವೈದ್ಯರು ಹೇಳಿದ್ದರೆ ಎರಡುಪಟ್ಟು ಎಚ್ಚರ ಬೇಕು.

ಇದು ಹೊಲದ ಮಟ್ಟದ ಮಾತಷ್ಟೇ ಅಲ್ಲ. ಆಸ್ಟ್ರೇಲಿಯಾದಲ್ಲಿ ಮೇವಿಗಾಗಿ ಬೆಳೆಯುತ್ತಿದ್ದ ಬ್ಲಾಂಷ್‌ಫ್ಲರ್ ಎಂಬ ಸಟೈವಾ ತಳಿಯ ಕಾಳಿಗೆ ಸಿಪ್ಪೆ ತೆಗೆದು ಒಡೆದರೆ ಒಳಗೆ ಕಿತ್ತಳೆ ಬಣ್ಣ. ಅದು ಕೆಂಪು ಮಸೂರ್ ಬೇಳೆಯ ಜಾಗದಲ್ಲಿ ಮಾರಾಟವಾಗುತ್ತಿದೆ ಎಂದು ಅಲ್ಲಿನ ಸಂಶೋಧಕರಾದ ಮ್ಯಾಕ್ಸ್ ಟೇಟ್ ಮತ್ತು ಡರ್ಕ್ ಎನೆಕಿಂಗ್ 1992ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎಚ್ಚರಿಸಿದರು. ಸಿಪ್ಪೆ ಹೋದ ಬೇಳೆಯಲ್ಲಿ ಗುರುತಿನ ಅರ್ಧ ಭಾಗ ಸಿಪ್ಪೆಯ ಜೊತೆಗೇ ಹೋಗಿರುತ್ತದೆ. ನಾನಂತೂ ಮನೆಗೆ ಸಿಪ್ಪೆಯಿರುವ ಇಡೀ ಮಸೂರನ್ನೇ ತರುವುದು ಒಳ್ಳೆಯದು ಎನ್ನುವ ಪಕ್ಷ.

ನಿಮ್ಮ ಚನ್ನಂಗಿ ರಾಶಿಯಾದ ಮೇಲೆ ಒಂದು ಹಿಡಿ ಕಾಳನ್ನು ಅಂಚಿಲ್ಲದ ಸ್ಟೀಲ್ ತಟ್ಟೆಗೆ ಹಾಕಿ ಸ್ವಲ್ಪ ವಾಲಿಸಿ. ಉರುಳಿ ಬಂದವನ್ನು ಬೇರೆ ಇಡಿ, ಅವು ಬಹುತೇಕ ಸಟೈವಾ. ಉಳಿದವನ್ನು ಬಿಳಿ ಕಾಗದದ ಮೇಲೆ ಹರಡಿ, ಕಾಳಿನ ಕಣ್ಣು ನೋಡಿ. ಕಾಯಿಗೆ ಅಂಟಿಕೊಂಡಿದ್ದ ಜಾಗದ ಗಾಯದ ಗುರುತು ಅದು. ಚನ್ನಂಗಿಯಲ್ಲಿ ಅದು ಹರಿತವಾದ ಅಂಚಿನ ಮೇಲೆ ಇರುವ ಸಣ್ಣ ಗೀರು, ಹುಡುಕಿ ನೋಡಬೇಕು. ಸಟೈವಾದಲ್ಲಿ ಸಿಪ್ಪೆಗಿಂತ ತಿಳಿಬಣ್ಣದ ಉದ್ದನೆಯ ಗೆರೆ, ಹುಡುಕಬೇಕಾಗಿಲ್ಲ. ಸಿಪ್ಪೆಯ ಬಣ್ಣವನ್ನು ನಂಬಬೇಡಿ, ಎರಡರಲ್ಲೂ ಕಂದು, ಬೂದು, ಚುಕ್ಕೆಯದು ಎಲ್ಲ ಬಗೆಯೂ ಇವೆ. ಅನುಮಾನ ಬಂದ ಕಾಳನ್ನು ಉಗುರಿನಿಂದ ಒಡೆದು ಹೋಳಿನ ಅಂಚು ಮುಟ್ಟಿ ನೋಡಿ. ಚನ್ನಂಗಿಯ ಹೋಳು ಅಂಚಿನಲ್ಲಿ ತೆಳ್ಳಗಾಗಿ ಮುಗಿಯುತ್ತದೆ, ವೆಚ್ಚಿನ ಹೋಳು ದಪ್ಪ.

ಜಿ6ಪಿಡಿ ಕೊರತೆ ಇಲ್ಲದವರು ಎಲ್ಲೋ ನಾಲ್ಕು ಕಾಳು ಸೇರಿದ ಸಾರು ಉಂಡರೆ ಏನೂ ಆಗುವುದಿಲ್ಲ, ಅಷ್ಟಕ್ಕೆ ಹೆದರಬೇಡಿ. ಹೆದರಬೇಕಾದದ್ದು ದಿನವೂ, ಹೆಚ್ಚಿನ ಪ್ರಮಾಣದಲ್ಲಿ, ಗೊತ್ತಿಲ್ಲದೆ ತಿನ್ನುವುದಕ್ಕೆ. ನೆನೆಸಿ ನೀರು ಚೆಲ್ಲಿ ಬೇಯಿಸಿದರೆ ವಿಷದ ಅಂಶ ಕಡಿಮೆಯಾಗುತ್ತದೆ ಎನ್ನುವುದು ನಿಜ. ಆದರೆ ಅದನ್ನು ನಂಬಿ ಬೇಕೆಂದೇ ಬೇಯಿಸುವ ಸಾಹಸ ಬೇಡ ಎಂದು ಕೈಮುಗಿದು ಹೇಳುತ್ತೇನೆ.

ಆಕಳಿಗೆ ಹಸಿರು ಬಳ್ಳಿ ಹಾಕಬಹುದು. ಸಟೈವಾವನ್ನು ಹಲವು ದೇಶಗಳಲ್ಲಿ ಮೇವಿಗೆಂದೇ ಬಿತ್ತುತ್ತಾರೆ. ಹೂ ಬಿಡುವ ಹಂತದಲ್ಲಿ ಕಿತ್ತದ್ದನ್ನು ಬೇರೆ ಮೇವಿನ ಜೊತೆ ಬೆರೆಸಿ ಕೊಡಿ, ಹಿರ್ಸುಟಾವನ್ನೂ ಅದರ ಜೊತೆ ಸೇರಿಸಿದರೆ ತಪ್ಪಿಲ್ಲ. ಕಾಳು ಬಲಿತ ಬಳ್ಳಿಯನ್ನು ಮಾತ್ರ ಬೇಡ. ಮೆಲುಕು ಹಾಕುವ ದನಗಳು ಕಾಳನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತವೆ, ಕೋಳಿ ತಡೆಯುವುದಿಲ್ಲ. ಗೋಧಿ ಕೇರಿದ ಹೊಟ್ಟು-ಕಸವನ್ನು ಕೋಳಿಗೆ ಚೆಲ್ಲುವ ರೂಢಿ ಇದ್ದರೆ ಈ ವರ್ಷ ಅದನ್ನು ಬಿಡಿ.

ಇಲ್ಲಿ ಇನ್ನೊಂದು ಮಾತು. ‘ಹೇರಿ ವೆಚ್’ (ರೋಮವುಳ್ಳ ವೆಚ್) ಎಂದು ಹಸಿರೆಲೆ ಗೊಬ್ಬರಕ್ಕೆ ಆನ್‌ಲೈನ್‌ನಲ್ಲಿ ಬೀಜ ಮಾರುತ್ತಾರೆ. ಅದು ನಿಮ್ಮ ಹಿರ್ಸುಟಾ ಅಲ್ಲ, ವಿಸಿಯಾ ವಿಲ್ಲೋಸಾ ಎಂಬ ಮೂರನೆಯ ಪ್ರಭೇದ. ಕೆಲವು ದೇಶಗಳಲ್ಲಿ ಅದನ್ನು ಮೇಯ್ದ ದನಗಳು ಕಾಯಿಲೆ ಬಿದ್ದು ಸತ್ತ ಪ್ರಕರಣಗಳು ದಾಖಲಾಗಿವೆ. ಹೆಸರು ನೋಡಿ ‘ಹೇಗೂ ನಮ್ಮ ಹೊಲದಲ್ಲಿ ಇದೆಯಲ್ಲ’ ಎಂದು ತರಿಸಬೇಡಿ.

ಕಳೆ ತೆಗೆಯುವುದರಲ್ಲಿ ಒಂದು ಸೂಕ್ಷ್ಮವಿದೆ. ಎರಡೂ ಮೊಳೆಯುವಾಗ ಬಟಾಣಿಯ ಹಾಗೆ ಬೇಳೆಗಳನ್ನು ಮಣ್ಣಿನೊಳಗೇ ಬಿಟ್ಟು ಕುಡಿಯನ್ನು ಮಾತ್ರ ಮೇಲೆ ಕಳಿಸುತ್ತವೆ. ಹಾಗಾಗಿ ಎಳೆಯ ಸಸಿಯನ್ನು ಕುರ್ಪಿಯಿಂದ ನೆಲದ ಮಟ್ಟಕ್ಕೆ ಸವರಿದರೆ ಕೆಲಸ ಮುಗಿಯುವುದಿಲ್ಲ, ಮಣ್ಣಿನೊಳಗಿನ ಗೆಣ್ಣಿನಿಂದ ಹೊಸ ಕುಡಿ ಬರುತ್ತದೆ. ನೀರು ಹಾಯಿಸಿದ ಮರುದಿನ ಮಣ್ಣು ಮೆತ್ತಗಿರುವಾಗ ಬುಡ ಹಿಡಿದು ಬೇರು ಸಮೇತ ಎಳೆಯಿರಿ. ಹಂಬಿನ ಎಳೆ ಗೋಧಿಗೆ ಸುತ್ತಿಕೊಂಡ ಮೇಲೆ ಎಳೆದರೆ ಗೋಧಿಯೂ ಬಾಗುತ್ತದೆ, ಆದ್ದರಿಂದ ಅದಕ್ಕೆ ಮೊದಲೇ ಕೈ ಹಾಕಬೇಕು. ಚನ್ನಂಗಿ ಮಡಿಯಲ್ಲಿ ಕಳೆನಾಶಕದ ಆಸೆ ಇಟ್ಟುಕೊಳ್ಳಬೇಡಿ. ಗೋಧಿಯಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ ಔಷಧಿ ಚನ್ನಂಗಿಯನ್ನೂ ಕೊಲ್ಲುತ್ತದೆ. ಇಷ್ಟು ಹತ್ತಿರದ ನೆಂಟರಲ್ಲಿ ಒಂದನ್ನು ಬಿಟ್ಟು ಒಂದನ್ನು ಸಾಯಿಸುವುದು ಕಷ್ಟ.

ಕಿತ್ತ ಬೇರನ್ನು ಒಮ್ಮೆ ತೊಳೆದು ನೋಡಿ. ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು. ಲೆಗ್‌ಹಿಮೋಗ್ಲೋಬಿನ್ ಎಂಬ ವರ್ಣದ್ರವ್ಯದ ಬಣ್ಣ ಅದು. ಕೆಂಪಿದ್ದರೆ ಗಂಟು ಗಾಳಿಯ ಸಾರಜನಕ ಹಿಡಿಯುವ ಕೆಲಸದಲ್ಲಿದೆ ಎಂದರ್ಥ. ಬಟಾಣಿ, ಚನ್ನಂಗಿ, ಬಾಕಲಾ, ಈ ಎರಡು ವೆಚ್‌ಗಳು ಎಲ್ಲಕ್ಕೂ ಗಂಟು ಕಟ್ಟುವ ಬ್ಯಾಕ್ಟೀರಿಯ ಒಂದೇ, ರೈಜೋಬಿಯಂ ಲೆಗ್ಯುಮಿನೋಸಾರಂ. ನಿಮ್ಮ ಕಳೆಯ ಬೇರಿನಲ್ಲಿ ಕೆಂಪು ಗಂಟುಗಳು ತುಂಬಿದ್ದರೆ ಆ ಮಣ್ಣಿನಲ್ಲಿ ಚನ್ನಂಗಿಗೆ ಬೇಕಾದ ಬ್ಯಾಕ್ಟೀರಿಯ ಇದೆ ಎನ್ನಲು ಅದೇ ಸಾಕ್ಷಿ. ಕಾಯಿ ಕಟ್ಟದ ಬಳ್ಳಿಯನ್ನು ಗೊಬ್ಬರದ ಗುಂಡಿಗೆ ಹಾಕಿ, ಸುಡಬೇಡಿ.

ನಿಮ್ಮ ಹೊಲದ ಬಳ್ಳಿಯ ಹೆಸರು ಖಚಿತವಾಗಿ ಬೇಕೆಂದರೆ ಹೂವು, ಕಾಯಿ, ಸ್ಟಿಪ್ಯೂಲ್ ಮೂರೂ ಇರುವ ಒಂದು ತುಂಡನ್ನು ಹಳೆಯ ಪತ್ರಿಕೆಯ ಮಡಿಕೆಯಲ್ಲಿ ಹರವಿ, ಮೇಲೆ ಭಾರ ಹೇರಿ, ದಿನವೂ ಕಾಗದ ಬದಲಿಸುತ್ತ ಒಣಗಿಸಿ. ಎಲ್ಲಿ, ಯಾವ ದಿನ, ಯಾವ ಬೆಳೆಯಲ್ಲಿ ಸಿಕ್ಕಿತು ಎಂದು ಬರೆದಿಡಿ. ಪುಣೆಯಲ್ಲಿದ್ದುಕೊಂಡು ಇದಕ್ಕೆ ದೂರ ಹೋಗಬೇಕಿಲ್ಲ: ಕೋರೆಗಾಂವ್ ರಸ್ತೆಯಲ್ಲಿ ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ವಲಯ ಕೇಂದ್ರವಿದೆ, ಅಗರ್ಕರ್ ರಸ್ತೆಯಲ್ಲಿ ಅಘಾರಕರ್ ಸಂಶೋಧನಾ ಸಂಸ್ಥೆ ಇದೆ. ಎರಡರಲ್ಲೂ ಒಣಗಿಸಿದ ಸಸ್ಯಗಳ ದೊಡ್ಡ ಸಂಗ್ರಹಗಳಿವೆ.

ಉಳಿದದ್ದು ಬೀಜದ ಮಾತು. ಈ ಮಡಿಯ ಚನ್ನಂಗಿಯನ್ನು ಆರಿಸಿ ಊಟಕ್ಕೆ ಬಳಸಿ, ಬಿತ್ತನೆಗೆ ಮಾತ್ರ ಎತ್ತಿಡಬೇಡಿ. ಚಪ್ಪಟೆ ಕಾಳಿನ ಸಟೈವಾ ಅದರಲ್ಲಿ ಅಡಗಿದ್ದರೆ ಮುಂದಿನ ನವೆಂಬರಿನಲ್ಲಿ ನೀವೇ ಅದನ್ನು ಸಾಲಿಗೆ ಬಿತ್ತಿದಂತಾಗುತ್ತದೆ. ಮಣ್ಣಿಗೆ ಬಿದ್ದ ಕಾಳುಗಳ ಸಿಪ್ಪೆ ಗಡುಸು, ನೀರು ಒಳಗೆ ಹೋಗದೆ ವರ್ಷಗಟ್ಟಲೆ ಕಾಯಬಲ್ಲವು, ಅದರಲ್ಲೂ ಹಿರ್ಸುಟಾದ್ದು. ಹಾಗಾಗಿ ಮುಂದಿನ ಹಿಂಗಾರಿಗೆ ಬಿತ್ತುವ ಎರಡು ವಾರ ಮೊದಲು ಮಡಿಗೆ ಒಮ್ಮೆ ನೀರು ಹಾಯಿಸಿ, ಮೊಳೆತದ್ದನ್ನೆಲ್ಲ ಕುಂಟೆ ಹೊಡೆದು ಬುಡಮೇಲು ಮಾಡಿ, ಆಮೇಲೆ ಬಿತ್ತಿ. ಆ ಮಡಿಗೆ ಎರಡು ವರ್ಷ ಚನ್ನಂಗಿಯ ಬದಲು ಜೋಳವನ್ನೋ ಈರುಳ್ಳಿಯನ್ನೋ ಹಾಕಿದರೆ ಬಳ್ಳಿ ಎದ್ದರೂ ಸಾಲಿನಲ್ಲಿ ಸಲೀಸಾಗಿ ಕಣ್ಣಿಗೆ ಬೀಳುತ್ತದೆ, ಕಾಯಿ ಕಟ್ಟುವ ಮೊದಲೇ ಕೀಳಬಹುದು.